ಒಣಗಲು ಹಾಕಿದವಳು

ಚಾದರದ ಎರಡು ಮೂಲೆಗಳನ್ನು ಗೋಡೆಯ ಮೊಳೆಗಳಿಗೆ ಸಿಕ್ಕಿಸಿ, ಉಳಿದೆರಡನ್ನು ಕೈಯಲ್ಲಿ ಹಿಡಿದು ಮೂಗಿ ಹಿಂದಕ್ಕೆ ಸರಿದಳು. ಬಟ್ಟೆ ಬಿಗಿಯಾಯಿತು. ಒಮ್ಮೆ ಕೊಡವಿ, ಮೂಲೆಗೆ ಮೂಲೆ ಕೂಡಿಸಿ, ಗೋಡೆಯ ಕಡೆಗೆ ನಡೆದಳು. ಇಬ್ಬರು ಮಡಿಸುವಾಗ ಅರ್ಧ ದಾರಿ ಇವಳದು, ಅರ್ಧ ದಾರಿ ಎದುರಿನವಳದು. ನಡುವೆ ಕೈಗೆ ಕೈ ತಾಗುತ್ತದೆ, ಮೂಲೆಗಳು ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಹೋಗುತ್ತವೆ. ಮೊಳೆ ಎದುರಿಗೆ ಬರುವುದಿಲ್ಲ. ಪೂರ್ತಿ ದಾರಿ ಇವಳೇ ನಡೆಯಬೇಕು. ಮಡಿಸಿದ್ದನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಒತ್ತಿ, ಮುಂದಿನದನ್ನು ಎತ್ತಿಕೊಂಡಳು.

"ಏನೇ ಮೂಗಿ, ಮೊಳೆ ಜೊತೆ ಸಂಸಾರ ಹೂಡಿದ್ದೀಯಾ?" ಮೇಸ್ತ್ರಿ ಹಿಂದೆ ಬಂದು ನಿಂತಿದ್ದ. "ನಿನ್ನ ಜೋಡಿ ಎಲ್ಲಿ ಹಾಳಾಗಿ ಹೋದ್ಲು? ಯಾವನ ಬೆನ್ನು ಹತ್ತಿದ್ಲೋ, ಮುಂಡೆ."

ಇಸ್ತ್ರಿಯ ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಮೇಸ್ತ್ರಿ ಹೇಳಿದ್ದಕ್ಕೆ ನಗುವುದು ಅಲ್ಲಿ ಕೆಲಸದ ಒಂದು ಭಾಗ. ಮೂಗಿಯೂ ತುಟಿ ಅಗಲಿಸಿದಳು. ನಕ್ಕಮೇಲೆ ಬಾಯೊಳಗೆ ಸೋಪಿನ ನೀರು ಹೋದಂತಾಯಿತು.

ಅವಳು ಮೂಗಿಯೇನಲ್ಲ. ಓದು ಬಿಡಿಸಿ ತಾಯಿ ಅವಳನ್ನು ಈ ಬಟ್ಟೆ ಒಗೆಯುವ ಕಾರ್ಖಾನೆಗೆ ಕರೆತಂದ ದಿನ, ಮೇಸ್ತ್ರಿ ಹೆಸರು ಕೇಳಿದಾಗ ನಾಚಿಕೆಯಿಂದ ಬಾಯಿ ಬಿಡಲಿಲ್ಲ, ಅಷ್ಟೆ. ಅವನು ಆವತ್ತು ಇಟ್ಟ ಹೆಸರು ಅಂಟಿಕೊಂಡಿತು. ಯಾರೂ ಮಾತಾಡಿಸುವುದಿಲ್ಲ ಎಂಬುದು ಅವಳಿಗೂ ಹಿತವಾಗಿಯೇ ಇತ್ತು. ಕೂಡಿಟ್ಟ ಮಾತೆಲ್ಲ ಕಣ್ಣಿಗೆ ಹೋಗಿ, ಯಾರು ಎಲ್ಲಿ ನಿಲ್ಲುತ್ತಾರೆ, ಯಾರ ಕೈ ಎಲ್ಲಿ ಸುಟ್ಟಿದೆ, ಯಾರು ಯಾರ ಕಡೆ ನೋಡುವುದಿಲ್ಲ ಎಂಬುದೆಲ್ಲ ಅವಳಿಗೆ ತಿಳಿದಿತ್ತು.

ಊರಿನ ಆಸ್ಪತ್ರೆಗಳ, ವಸತಿಗೃಹಗಳ ಚಾದರಗಳೆಲ್ಲ ಬರುವುದು ಇಲ್ಲಿಗೆ. ತಾಯಿ ನೆನೆಹಾಕುವ ತೊಟ್ಟಿಯಲ್ಲಿ, ಮಗಳು ಮಡಿಸುವ ಮೇಜಿನಲ್ಲಿ. ನಡುವೆ ಕೋಣೆಯಷ್ಟು ದೊಡ್ಡ ಯಂತ್ರ. ಬೆಳಿಗ್ಗೆ ಶುರುವಾದರೆ ಬಾಗಿಲು ಹಾಕುವವರೆಗೆ ನಿಲ್ಲುವಂತಿಲ್ಲ. ಅದರ ಸದ್ದಿಗೆ ಕೂಗಿ ಆಡಿದ ಮಾತಷ್ಟೇ ಕಿವಿಗೆ ಬೀಳುತ್ತದೆ, ಎದುರು ನಿಂತವಳ ಕೆಮ್ಮು ಕೂಡ ಕಾಣಿಸುತ್ತದೆಯೇ ಹೊರತು ಕೇಳಿಸುವುದಿಲ್ಲ. ಹಬೆ ಮಾಡಿಗೆ ಹೋಗಿ ಹನಿಯಾಗಿ ಬೆನ್ನಮೇಲೆ ಬೀಳುತ್ತದೆ. ಮಧ್ಯಾಹ್ನದ ಮೇಲೆ ಯಾರಾದರೊಬ್ಬರು ತಲೆ ತಿರುಗಿ ಬೀಳುವುದು ಮಾಮೂಲು. ಬಿದ್ದವಳನ್ನು ಚಾದರದಲ್ಲಿ ಎತ್ತಿ, ಹಿಂದಿನ ಗೇಟು ದಾಟಿಸಿ, ಬಸ್ಸು ಕಾಯುವ ತಗಡಿನ ಚಪ್ಪರದ ಬೆಂಚಿನ ಮೇಲೆ ಮಲಗಿಸುತ್ತಾರೆ. ಗಾಳಿಗೆ ಕಣ್ಣು ಬಿಟ್ಟು, ನಲ್ಲಿಯಲ್ಲಿ ಮುಖ ತೊಳೆದುಕೊಂಡು ಅವಳೇ ಒಳಗೆ ಬರುತ್ತಾಳೆ, ಇಲ್ಲವೇ ಮನೆಗೆ ಹೋಗುತ್ತಾಳೆ. ಇದಕ್ಕೆ ಒಣಗಲು ಹಾಕುವುದು ಎನ್ನುತ್ತಾರೆ. ಮೊದಲು ಆಡಿದ್ದು ಮೇಸ್ತ್ರಿ. ಈಗ ಎಲ್ಲರ ಬಾಯಲ್ಲೂ ಅದೇ. ಪುಣ್ಯವಂತೆ, ಬಿಟ್ಟಿ ಗಾಳಿ ಸಿಕ್ಕಿತು ಎಂದು ಒಬ್ಬರನ್ನೊಬ್ಬರು ಕಿಚಾಯಿಸುತ್ತಾರೆ. ಮೂಗಿಯನ್ನೂ ಒಮ್ಮೆ ಒಣಗಲು ಹಾಕಿದ್ದರು. ಎಚ್ಚರವಾದಾಗ ಚಪ್ಪರದ ಅಂಚಿನಾಚೆ ಆಕಾಶವಿತ್ತು. ಏಳಲು ಮನಸ್ಸಾಗಿರಲಿಲ್ಲ.

ಒಣಗಲು ಹಾಕುವ ಮುಂಚೆ ನೀಲಿ ಕೋಟು ಬಿಚ್ಚಬೇಕು. ಕೋಟು ಕಾರ್ಖಾನೆಯದು, ಗೇಟು ದಾಟುವಂತಿಲ್ಲ. ಹೆಸರು ಬರೆದ ಕಾರ್ಡು ಇರುವುದೂ ಕೋಟಿನ ಮೇಲೆ.

ಹಿಂದಿನ ದಿನ ಅವಳ ಜೋಡಿ ಬಿದ್ದಾಗ ಗುಂಡಿ ಬಿಚ್ಚಿದ್ದು ಮೂಗಿ. ತೋಳು ಹೊರಗೆ ಬರಲಿಲ್ಲ. ಬೆರಳುಗಳನ್ನು ಮಡಚಿ, ಮಗುವಿನ ಕೈಯನ್ನು ಅಂಗಿಯಿಂದ ತೆಗೆಯುವ ಹಾಗೆ ತೆಗೆದಳು. ಮೈ ಕಾದ ತಗಡಿನಂತಿತ್ತು. ನಾಲ್ವರು ಚಾದರದ ನಾಲ್ಕು ಮೂಲೆ ಹಿಡಿದರು. ತಲೆಯ ಕಡೆಯ ಒಂದು ಮೂಲೆ ಮೂಗಿಯದು, ಇನ್ನೊಂದು ಅವಳ ತಾಯಿಯದು. ಬೆಂಚಿನ ಮೇಲೆ ಮಲಗಿಸಿದ ಮೇಲೆ ಚಾದರವನ್ನು ಅಡಿಯಿಂದ ಎಳೆದುಕೊಳ್ಳಲು ಹೇಳಿ ಕಳಿಸಿದ್ದ ಮೇಸ್ತ್ರಿ, ಗಿರಾಕಿಯ ಮಾಲು ಎಂದು. ಎಳೆದುಕೊಂಡರು. ಒಳಗೆ ಬಂದು ಮೂಗಿ ಅದನ್ನೇ ಮೊಳೆಗೆ ಸಿಕ್ಕಿಸಿ ಮಡಿಸಿದಳು. ಕೆಲಸ ಬಿಟ್ಟಾಗ ಎಲ್ಲರೂ ಮುಂದಿನ ಗೇಟಿನಿಂದ ಹೋದರು. ಹಿಂದೆ ಹೋಗಿ ನೋಡಿಬರೋಣವೇ ಎಂದು ಅವಳಿಗೆ ಅನ್ನಿಸಿತ್ತು. ತಾಯಿ ಕೈಹಿಡಿದು ಎಳೆದಳು, ಇವಳೂ ಎಳೆಸಿಕೊಂಡಳು. ಹೋಗಿರುತ್ತಾಳೆ ಮನೆಗೆ, ಎಂದು ತಾಯಿ ಅಂದಿದ್ದಳು.

ಮೇಸ್ತ್ರಿಯ ನಗೆ ಇನ್ನೂ ಆರಿರಲಿಲ್ಲ, ಪೇದೆಯೊಬ್ಬ ಒಳಗೆ ಬಂದ. ಹಬೆಗೆ ಕನ್ನಡಕ ಮಂಜಾಗಿ, ತೆಗೆದು ಒರೆಸಿಕೊಳ್ಳುತ್ತಾ, ಹಿಂದಿನ ಚಪ್ಪರದಲ್ಲಿ ಹೆಂಗಸಿನ ಹೆಣ ಸಿಕ್ಕಿದೆ, ಗುಡಿಸುವವರು ನೋಡಿ ಹೇಳಿದರು, ದೊಡ್ಡಾಸ್ಪತ್ರೆಗೆ ಸಾಗಿಸಿದ್ದಾಯಿತು, ಈ ಬೀದಿಯ ಅಂಗಡಿಗಳನ್ನೆಲ್ಲ ಕೇಳಿಕೊಂಡು ಬರುತ್ತಿದ್ದೇನೆ ಎಂದ. ಮೈಮೇಲೆ ಸೀರೆ ಬಿಟ್ಟರೆ ಚೂರು ಕಾಗದವೂ ಇಲ್ಲ. ಮೇಸ್ತ್ರಿ ಅವನಿಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, ಹೆಂಗಸರನ್ನು ಸಾಲಾಗಿ ನಿಲ್ಲಿಸಿದ. ನಿಲ್ಲಿಸುವಾಗ ಒಬ್ಬೊಬ್ಬರ ಮುಖವನ್ನೂ ನೋಡಿದ. ಬೇರೇನೂ ಹೇಳಬೇಕಾಗಿರಲಿಲ್ಲ.

ಸತ್ತವಳು ಬದಲಿ. ಇಸ್ತ್ರಿಯ ಹೆಂಗಸೊಬ್ಬಳು ಬಸುರಿಯಾಗಿ ಮನೆ ಸೇರಿದಾಗ, ಅವಳ ಜಾಗ ಹೋಗದಿರಲಿ ಎಂದು ಅವಳ ಕಾರ್ಡು ಹಾಕಿಕೊಂಡು ಅವಳ ಹೆಸರಿನಲ್ಲಿ ದುಡಿಯಲು ಬಂದವಳು; ಇಸ್ತ್ರಿ ಬಾರದ್ದರಿಂದ ಮಡಿಸಲು ಹಾಕಿದ್ದರು. ಹೀಗೆ ಬಂದವರು ಹಾಜರಿ ಕೂಗಿದಾಗ ಕಾರ್ಡಿನವಳ ಹೆಸರಿಗೆ ಓಗೊಡಬೇಕು. ಹಿಂದೊಮ್ಮೆ ತನಿಖೆಯವರು ಬಂದಿದ್ದಾಗ ಯಾರೋ ಒಬ್ಬಳು ಬದಲಿಯನ್ನು ಅವಳ ಸ್ವಂತ ಹೆಸರಿನಿಂದ ಕರೆದುಬಿಟ್ಟಿದ್ದಳು. ಕರೆದವಳನ್ನೂ ಕರೆಸಿಕೊಂಡವಳನ್ನೂ ಆವತ್ತೇ ಹೊರಗೆ ಹಾಕಿದ್ದರು. ಅಲ್ಲಿಂದ ಬದಲಿಯ ಹೆಸರು ಕೇಳುವುದನ್ನೇ ಎಲ್ಲರೂ ಬಿಟ್ಟರು. ಗೊತ್ತಿದ್ದರಲ್ಲವೇ ಬಾಯಿ ಜಾರುವುದು.

ಪೇದೆ ಹೆಣದ ಚಿತ್ರವಿದ್ದ ಮೊಬೈಲು ಚಾಚುತ್ತಾ ಸಾಲಿನುದ್ದಕ್ಕೂ ಬಂದ. ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ಇಲ್ಲ ಎಂದಳು. ಇನ್ನೊಬ್ಬಳು ನೋಡದೆಯೇ ಇಲ್ಲ ಎಂದಳು. ಮೂಗಿಯ ತಾಯಿ ಪರದೆಯನ್ನು ಬಹಳ ಹೊತ್ತು ನೋಡಿ, ಯಾರ ಮಗಳೋ ಪಾಪ ಎಂದಳು. ಹಾಗೆನ್ನುತ್ತಲೇ ಬೆನ್ನ ಹಿಂದಿನಿಂದ ಮಗಳ ಮುಂಗೈ ಚಿವುಟಿದಳು.

ಮೊಬೈಲು ಮೂಗಿಯ ಮುಂದೆ ಬಂತು. ಕಣ್ಣು ಅರ್ಧ ತೆರೆದಿತ್ತು. ಹಣೆಗೆ ಕೂದಲು ಅಂಟಿತ್ತು. ಮೂಗಿಯ ಬಾಯಿ ತೆರೆಯಿತು.

"ಅವಳು ಮೂಗಿ ಸಾರ್," ಎಂದ ಮೇಸ್ತ್ರಿ. "ಹುಟ್ಟಾ ಮಾತು ಬರಲ್ಲ. ಕೇಳಿ ಏನು ಪ್ರಯೋಜನ?"

ಪೇದೆ ಅವಳನ್ನು ಒಂದು ಗಳಿಗೆ ನೋಡಿ, ತಲೆಯಾಡಿಸಿ ಮುಂದೆ ಹೋದ. ತೆರೆದ ಬಾಯನ್ನು ಮೂಗಿ ಮುಚ್ಚಿಕೊಂಡಳು. ಎದೆಯ ಮೇಲಿನ ಭಾರ ಯಾರೋ ಇಳಿಸಿದಂತೆ ಹಗುರವಾಯಿತು. ಹಗುರವಾಯಿತಲ್ಲ ಎಂಬುದನ್ನು ನೆನೆದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಬದಲಿ ಬಂದ ಮೊದಲ ದಿನವೇ, ಮೂಲೆ ಕೊಡುವ ನೆಪದಲ್ಲಿ ಕಿವಿಯ ಹತ್ತಿರ ಬಂದು ಇವಳ ಹೆಸರು ಕೇಳಿದ್ದಳು. ಮೂಗಿಯಲ್ಲ, ನಿಜವಾದ ಹೆಸರು. ಇವಳು ಹೇಳಿದ್ದಳು. ಅಂದಿನಿಂದ ಪ್ರತಿ ಚಾದರಕ್ಕೂ, ಇಬ್ಬರೂ ನಡೆದು ನಡುವೆ ಸೇರಿದಾಗ, ಆ ಹೆಸರನ್ನು ಮೆಲ್ಲಗೆ ಅನ್ನುತ್ತಿದ್ದಳು. ಮುಂದೆ ಮಾತೇನೂ ಇಲ್ಲ. ಒಂದು ಹೆಸರು, ಮತ್ತೆ ಹಿಂದಕ್ಕೆ. ಆ ಶೆಡ್ಡಿನಲ್ಲಿ ಅದನ್ನು ಆಡಿದವಳು ಅವಳೊಬ್ಬಳೇ. ತಾಯಿ ಕೂಡ ಅಲ್ಲಿ ಮೂಗಿ ಎಂದೇ ಕರೆಯುತ್ತಿದ್ದಳು. ಊಟದ ಹೊತ್ತಿನಲ್ಲಿ ಬದಲಿ ಅರ್ಧ ತಿಂದು ಅರ್ಧವನ್ನು ಕರವಸ್ತ್ರದಲ್ಲಿ ಕಟ್ಟಿಡುತ್ತಿದ್ದಳು. ಮನೇಲಿ ದಾರಿ ಕಾಯೋರಿದ್ದಾರೆ ಎಂದಿದ್ದಳು ಒಮ್ಮೆ. ಯಾರು ಎಂದು ಇವಳು ಕೇಳಲಿಲ್ಲ. ಮನೆ ಎಲ್ಲಿ ಎಂದು ಕೇಳಲಿಲ್ಲ. ನಿನ್ನ ಹೆಸರೇನು ಎಂದು ತಿರುಗಿ ಕೇಳಲಿಲ್ಲ. ನಾಚಿಕೆ ಎಂದುಕೊಂಡಿದ್ದಳು. ಈಗ ಯೋಚಿಸಿದರೆ ಅದು ನಾಚಿಕೆಯಾಗಿತ್ತೋ, ಎಲ್ಲರಿಗೂ ಇದ್ದ ಹೆದರಿಕೆಗೆ ತಾನಿಟ್ಟುಕೊಂಡ ಚೆಂದದ ಹೆಸರಾಗಿತ್ತೋ ತಿಳಿಯಲಿಲ್ಲ.

ಮಾರನೆಯ ದಿನ ದೊಡ್ಡಾಸ್ಪತ್ರೆಗೆ ಚಾದರ ಒಯ್ಯುವ ಗಾಡಿಯ ಜೊತೆ ಹೋಗಿ ಮೂಟೆ ಇಳಿಸುವವರು ಬೇಕಾಗಿತ್ತು. ಯಾರೂ ಒಪ್ಪದ ಕೆಲಸ ಅದು. ಮೂಗಿ ಕೈ ಎತ್ತಿದಳು. ತೊಟ್ಟಿಯ ಬಳಿಯಿಂದ ತಾಯಿ ನೋಡಿದಳು, ಸೊಂಟದವರೆಗೆ ನೀರಿನಲ್ಲಿ ನಿಂತಿದ್ದವಳಿಗೆ ಬಂದು ತಡೆಯಲಾಗಲಿಲ್ಲ.

ಮೂಟೆಗಳನ್ನು ಇಳಿಸಿ, ಗಾಡಿಯವನು ಸಹಿ ಹಾಕಿಸಿಕೊಳ್ಳಲು ಹೋದಾಗ ಅವಳು ಆಸ್ಪತ್ರೆಯ ಹಿಂಭಾಗಕ್ಕೆ ಹೋದಳು. ಶವಾಗಾರದ ಜಗಲಿಯಲ್ಲಿ ಕಾವಲುಗಾರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಲುಗುರು ಕತ್ತರಿಸುತ್ತಿದ್ದ. ಬೆಂಚಿನ ಮೇಲೆ ಸಿಕ್ಕ ಹೆಂಗಸನ್ನು ನೋಡಬೇಕು ಎಂದಳು. ದನಿ ಎಷ್ಟು ಸಣ್ಣಗೆ ಬಂತೆಂದರೆ ಅವನು ಮತ್ತೊಮ್ಮೆ ಹೇಳಿಸಿದ.

"ಸತ್ತೋಳು ನಿನಗೇನಾಗಬೇಕು?"

"ಜೋಡಿ."

"ಗಂಡ ಹೆಂಡ್ತಿ ಜೋಡಿ ಕೇಳಿದ್ದೀನಿ, ಎತ್ತಿನ ಜೋಡಿ ಕೇಳಿದ್ದೀನಿ. ಇದ್ಯಾವ ಜೋಡಿ?"

"ಚಾದರ ಮಡಿಸೋ ಜೋಡಿ."

ಅವನಿಗೆ ಏನನ್ನಿಸಿತೋ, ಎದ್ದು ಬಾಗಿಲು ತೆಗೆದ. ಒಳಗೆ ತಣ್ಣಗಿತ್ತು, ಫಿನಾಯಿಲಿನ ವಾಸನೆ. ಮುಖದ ಮೇಲಿನ ಚಾದರವನ್ನು ಒಂದೇ ಏಟಿಗೆ ಎಳೆದ. ಅವಳೇ. ಕಾಲಿನ ಹೆಬ್ಬೆರಳಿಗೆ ದಾರ ಕಟ್ಟಿ ಸಂಖ್ಯೆ ತೂಗುಹಾಕಿದ್ದರು. ಎಳೆದ ರಭಸಕ್ಕೆ ಚಾದರ ಒಂದು ಕಡೆ ಮುದ್ದೆಯಾಗಿತ್ತು. ಅದರ ಮಡಿಕೆಯ ಗೆರೆಗಳು ಇನ್ನೂ ಅಳಿಸಿರಲಿಲ್ಲ. ಮೂಗಿ ತಲೆಯ ಕಡೆಯ ಮೂಲೆ ಹಿಡಿದು ಸರಿಮಾಡಿದಳು, ಕಾಲ ಕಡೆಗೆ ನಡೆದು ಅಲ್ಲಿಯ ಮೂಲೆ ಸರಿಮಾಡಿದಳು. ಮುಖ ಮುಚ್ಚುವ ಮುನ್ನ ಬಗ್ಗಿ ಕರೆಯೋಣವೆಂದರೆ ಕರೆಯಲು ಅವಳ ಹತ್ತಿರ ಏನೂ ಇರಲಿಲ್ಲ.

ಹೊರಗೆ ಬಂದಾಗ ನಿನ್ನೆಯ ಪೇದೆ ಜಗಲಿಯ ಮೇಜಿನ ಮುಂದೆ ಕೂತಿದ್ದ. ಕಾವಲುಗಾರ ಹೇಳಿದ್ದನ್ನು ಕೇಳಿ ಕನ್ನಡಕ ಮೇಲಕ್ಕೆ ತಳ್ಳಿದ.

"ನಿನ್ನೆ ಮೂಗಿ, ಇವತ್ತು ಮಾತುಗಾರ್ತಿ. ಯಾವ ಡಾಕ್ಟರು ಮಾಡಿದ್ದು?"

ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಒಮ್ಮೆ ಶುರುವಾದ ಮೇಲೆ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಕಾರ್ಡು ಇನ್ನೊಬ್ಬಳದು, ಬಿದ್ದಾಗ ಮೈ ಸುಡುತ್ತಿತ್ತು, ಹೊರಗೆ ಹಾಕಲು ಹೇಳಿದ್ದು ಮೇಸ್ತ್ರಿ, ಎತ್ತಿದ್ದು ನಾವು, ಕೋಟು ಬಿಚ್ಚಿದ್ದು ನಾನು. ಪೇದೆಯ ಪೆನ್ನಿನ ಮುಚ್ಚಳ ಮುಚ್ಚಿಯೇ ಇತ್ತು. ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದ: ಹೆಸರು.

ಗೊತ್ತಿಲ್ಲ ಎಂದಳು.

ಊರು, ಗಂಡ, ಅಪ್ಪ, ಯಾರಾದರೂ. ಅವಳು ಪ್ರತಿಯೊಂದಕ್ಕೂ ತಲೆಯಾಡಿಸಿದಳು.

"ಅಷ್ಟು ದಿನ ಮುಖಕ್ಕೆ ಮುಖ ಕೊಟ್ಟು ನಿಂತಿದ್ದೆ ಅಂತೀಯ," ಎಂದ ಪೇದೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಬೀದಿನಾಯಿಗೆ ಅನ್ನ ಹಾಕೋರೂ ಅದಕ್ಕೊಂದು ಹೆಸರಿಟ್ಟು ಕರೀತಾರಲ್ಲೇ."

ಕಾವಲುಗಾರ ಉಗುರು ಕತ್ತರಿಸುವುದನ್ನು ನಿಲ್ಲಿಸಿದ. ಮೂಗಿ ತನ್ನ ಕಾಲಬೆರಳು ನೋಡುತ್ತಾ ನಿಂತಳು. ಮೇಸ್ತ್ರಿಯ ಬೈಗುಳಗಳನ್ನು ದಿನಾ ಸಂಜೆ ಕೈಕಾಲು ತೊಳೆದಾಗ ತೊಳೆದುಕೊಳ್ಳುತ್ತಿದ್ದಳು. ಇದು ತೊಳೆದರೆ ಹೋಗುವುದಲ್ಲ.

ಪೇದೆ ಲೆಕ್ಕ ಬಿಡಿಸಿ ಹೇಳಿದ. ಅಂಥವಳು ನಮ್ಮಲ್ಲಿ ಇರಲೇ ಇಲ್ಲ ಎಂದು ಕಾರ್ಖಾನೆಯ ಮಾಲೀಕ ಬರೆದುಕೊಟ್ಟಾಗಿದೆ. ಹಾಜರಿ ಪುಸ್ತಕದಲ್ಲಿ ಕಾರ್ಡಿನವಳು ದಿನವೂ ಹಾಜರಿದ್ದಾಳೆ. ಹೆಸರಿಲ್ಲದವಳು ಅಲ್ಲಿ ಹೆಸರಿಲ್ಲದೆ ದುಡಿದಳು ಎಂದು ನಾನು ಬರೆದುಕೊಂಡರೆ ಮೇಲಿನವರು ನನ್ನ ಮುಖಕ್ಕೆ ಎಸೆಯುತ್ತಾರೆ. ನಾಳೆ ಮಧ್ಯಾಹ್ನ ವ್ಯಾನು ಬರುತ್ತದೆ. ಅಷ್ಟರಲ್ಲಿ ಹೆಸರೋ ಊರೋ ಏನಾದರೊಂದು ತಂದರೆ ಅವಳ ಮನೆಯವರನ್ನು ಹುಡುಕಿಸುತ್ತೇನೆ. ಇಲ್ಲದಿದ್ದರೆ ಉಳಿದವರ ಜೊತೆ ಗುಂಡಿ, ಮೇಲೊಂದು ಸಂಖ್ಯೆ. ದಾರಿ ಕಾಯುವವರು ಕಾಯುತ್ತಲೇ ಇರಬೇಕು.

ಗಾಡಿಯವನು ಕೂಗುತ್ತಿದ್ದ. ಅವಳು ಓಡಿದಳು.

ಸಂಜೆ ಮನೆಗೆ ಹೋಗದೆ ಬಾಣಂತಿಯ ಕೋಣೆಗೆ ಹೋದಳು. ಆ ಕಾರ್ಡಿನವಳು ಮಗುವನ್ನು ಕಾಲಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಬೆಳಕು ಸಾಲದ, ಮಗುವಿನ ಬಟ್ಟೆ ತುಂಬಾ ತೂಗುಹಾಕಿದ ಕೋಣೆ. ವಿಷಯ ಕೇಳಿ ಅವಳು ಮೊದಲು ಕೇಳಿದ್ದು, "ನನ್ನ ಕಾರ್ಡು ಎಲ್ಲಿದೆ?"

ಕೇಳಿದ ಮೇಲೆ ತಾನೇ ಬಾಯಿಗೆ ಕೈ ಅಡ್ಡ ಹಿಡಿದಳು. ಎಣ್ಣೆ ತುಟಿಗೆಲ್ಲ ಮೆತ್ತಿತು. ಬದಲಿಯನ್ನು ತಾನು ಕಣ್ಣಿಂದ ಕೂಡ ನೋಡಿಲ್ಲ ಎಂದಳು. ಗೇಟಿನ ಮುಂದೆ ಕೆಲಸಕ್ಕಾಗಿ ನಿಲ್ಲುವ ಹೆಂಗಸರಲ್ಲಿ ಒಬ್ಬಳನ್ನು ಮೇಸ್ತ್ರಿಯೇ ಬೆರಳು ಮಾಡಿ ಕರೆದದ್ದಂತೆ. ಮಗು ಅಳತೊಡಗಿತು. ಎತ್ತಿ ಎದೆಗೊತ್ತಿಕೊಂಡಳು.

"ಹಂಗಾದ್ರೆ ಅಲ್ಲಿ ಬಿದ್ದು ಸತ್ತಿದ್ದು ನಾನಾ?" ಎಂದಳು. ಮೂಗಿ ಹೊರಡುವಾಗ ಬಾಣಂತಿ ಗೋಡೆಯ ಕಡೆ ತಿರುಗಿ ಕೂತಿದ್ದಳು. ತನ್ನನ್ನು ಇದರಲ್ಲಿ ಎಳೆಯಬೇಡ, ಮಗು ಚಿಕ್ಕದು ಎಂದು ಗೋಡೆಗೆ ಹೇಳಿದಳು.

ಮನೆಯಲ್ಲಿ ತಾಯಿ ಒಲೆಯ ಮುಂದೆ ಕೂತು ತೊಟ್ಟಿಯ ನೀರಿಗೆ ಬೆಳ್ಳಗೆ ಸುಲಿದ ಕಾಲುಗಳನ್ನು ಒಣಗಿಸಿಕೊಳ್ಳುತ್ತಿದ್ದಳು. ಮಗಳು ಎಲ್ಲಿಗೆ ಹೋಗಿದ್ದಳೆಂದು ಕೇಳಲಿಲ್ಲ. ಊಟ ಬಡಿಸಿದಳು. ಇಬ್ಬರ ಕೆಲಸವೂ ಹೋದರೆ ಏನು ಮಾಡುವುದು ಎಂದು ತನಗೆ ತಾನೇ ಎಂಬಂತೆ ಹೇಳಿಕೊಂಡಳು. ಬೇರೆಯವರಾಗಿದ್ದರೂ ಇದನ್ನೇ ಮಾಡುತ್ತಿದ್ದರು ಎಂದಳು. ಮೂಗಿ ತುತ್ತು ಕಲಸುತ್ತಾ ಇದ್ದಳು.

"ಅಮ್ಮ, ಅವಳ ಹೆಸರು ನಿನಗೇನಾದ್ರೂ ಗೊತ್ತಾ?"

ತಾಯಿಯ ಕೈ ನಿಂತಿತು. ಅವಳು ಬಹಳ ಪ್ರಯತ್ನಪಟ್ಟು ನೆನಪಿಸಿಕೊಳ್ಳುವವಳಂತೆ ಹುಬ್ಬು ಗಂಟಿಕ್ಕಿದಳು. ನೆನಪಿಸಿಕೊಳ್ಳಲು ಏನೂ ಇಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

"ಎಳೆದಾಗ ಅವಳ ತಲೆ ಬೆಂಚಿಗೆ ಟಣ್ ಅಂತು," ಎಂದಳು ತಾಯಿ ಕೊನೆಗೆ. "ಚಾದರ ಎಳೆದಾಗ. ನಾನಿದ್ದ ಕಡೆ." ಆಮೇಲೆ ಎದ್ದು ಒಲೆಗೆ ನೀರು ಚಿಮುಕಿಸಿದಳು.

ಬೆಳಿಗ್ಗೆ ಹಾಜರಿ ನಡೆಯುತ್ತಿತ್ತು. ಮೇಸ್ತ್ರಿ ಬಾಣಂತಿಯ ಹೆಸರು ಕೂಗಿದ. ಬಂದಿದ್ದೀನಿ ಎಂಬ ದನಿ ಹಿಂದಿನ ಸಾಲಿನಿಂದ ಬಂತು. ಮೂಗಿ ತಿರುಗಿ ನೋಡಿದಳು. ಅದೇ ನೀಲಿ ಕೋಟು, ಅದೇ ಕಾರ್ಡು, ಒಳಗೆ ಬೇರೆ ಹೆಂಗಸು. ತನ್ನ ತಾಯಿಯಷ್ಟು ವಯಸ್ಸಿನವಳು, ಕಿವಿ ಬರಿದು, ತೋಳು ಉದ್ದವಾಗಿ ಕೈ ಮುಚ್ಚಿತ್ತು. ಮೇಸ್ತ್ರಿ ಅವಳನ್ನು ಮೇಜಿನ ಎದುರು ತಂದು ನಿಲ್ಲಿಸಿದ.

"ಮೊಳೆಯಿಂದ ಬಿಡುಗಡೆ ಕಣೇ ನಿನಗೆ. ಹೊಸ ಗಂಡ ಬಂದಿದ್ದಾನೆ, ಚೆನ್ನಾಗಿ ನೋಡ್ಕೋ."

ನಗು ಬಂತು, ಆದರೆ ಎಂದಿನಷ್ಟು ಬರಲಿಲ್ಲ. ಯಂತ್ರ ಶುರುವಾಯಿತು. ಮೂಗಿ ಎರಡು ಮೂಲೆ ಕೊಟ್ಟಳು. ಹೊಸಬಳಿಗೆ ಕೆಲಸ ಬರುತ್ತಿರಲಿಲ್ಲ, ಎಡಕ್ಕೆ ತಿರುಗಿಸುವುದನ್ನು ಬಲಕ್ಕೆ ತಿರುಗಿಸಿದಳು. ಇಬ್ಬರೂ ನಡೆದು ನಡುವೆ ಸೇರಿದರು. ಕೈಗೆ ಕೈ ತಾಗಿತು. ಮೂಗಿ ಅವಳ ಕಿವಿಯ ಹತ್ತಿರ ಬಗ್ಗಿ ಕೇಳಿದಳು, ನಿನ್ನ ಹೆಸರೇನು?

ಹೊಸಬಳು ಮೇಸ್ತ್ರಿ ನಿಂತ ಕಡೆ ನೋಡಿದಳು. ಆಮೇಲೆ, ಬಾಯಿಪಾಠ ಒಪ್ಪಿಸುವ ಮಗುವಿನಂತೆ, ಒಂದಕ್ಷರ ತಪ್ಪದೆ ಬಾಣಂತಿಯ ಹೆಸರು ಹೇಳಿದಳು. ಹೇಳಿ, ಸರಿಯಾಯಿತೇ ಎಂದು ಕೇಳುವಂತೆ ನಕ್ಕಳು.

ಮೂಗಿಯ ಕೈಯಿಂದ ಚಾದರ ಜಾರಿ ಒದ್ದೆ ನೆಲದ ಮೇಲೆ ಬಿತ್ತು. ಅವಳು ಅದನ್ನು ಎತ್ತಲಿಲ್ಲ. ಇಸ್ತ್ರಿಯ ಸಾಲು ದಾಟಿ, ತೊಟ್ಟಿಗಳ ನಡುವೆ ನಡೆದು, ಯಂತ್ರದ ಪಕ್ಕದ ಗೋಡೆಯ ಹತ್ತಿರ ಹೋದಳು. ಅಲ್ಲಿ ಅಂಗೈಯಷ್ಟು ಅಗಲದ ಕೆಂಪು ಹಿಡಿಯಿತ್ತು. ಮೇಸ್ತ್ರಿಯೂ ಮುಟ್ಟಲು ಮಾಲೀಕನನ್ನು ಕೇಳಬೇಕಾದ ಹಿಡಿ. ಎರಡೂ ಕೈಯಿಂದ ಹಿಡಿದು ಕೆಳಗೆ ಜಗ್ಗಿದಳು.

ಯಂತ್ರ ನಾಲ್ಕು ಸುತ್ತು ತಾನಾಗಿಯೇ ತಿರುಗಿ, ನರಳಿ, ನಿಂತಿತು. ಆ ಶೆಡ್ಡಿನಲ್ಲಿ ಹಗಲುಹೊತ್ತು ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ. ಮಾಡಿನಿಂದ ಹನಿ ಬೀಳುವುದು ಕೇಳಿಸಿತು. ಯಾರದೋ ಬಳೆ ಕೇಳಿಸಿತು.

"ಯಾವಳೇ ಅದು, ಲೌಡಿ," ಎಂದು ಮೇಸ್ತ್ರಿ ಅತ್ತ ಕಡೆಯಿಂದ ಕೂಗುತ್ತಾ ಬಂದ. ಮೂಗಿಯನ್ನು ಕಂಡು ನಿಂತ. ತೊಟ್ಟಿಯಲ್ಲಿದ್ದ ತಾಯಿ ಬೇಡ ಎಂಬಂತೆ ಕೈ ಎತ್ತಿದವಳು, ಎತ್ತಿದ ಕೈಯನ್ನು ಮೆಲ್ಲಗೆ ನೀರಿಗೆ ಇಳಿಸಿದಳು.

ಮೂಗಿ ಹಿಡಿಯನ್ನು ಬಿಡಲಿಲ್ಲ. ಇಸ್ತ್ರಿಯವರನ್ನು ನೋಡಿದಳು, ತೊಟ್ಟಿಯವರನ್ನು ನೋಡಿದಳು, ಆವತ್ತು ಕಾಲ ಕಡೆಯ ಮೂಲೆ ಹಿಡಿದಿದ್ದ ಇಬ್ಬರನ್ನೂ ನೋಡಿದಳು. ಗೇಟಿನಿಂದ ಬೆರಳು ಮಾಡಿ ಕರೆದಿದ್ದ ಮೇಸ್ತ್ರಿಯನ್ನೂ ನೋಡಿದಳು. ಅವಳ ದನಿ ಹೇಗಿರುತ್ತದೆಂದು ಅಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ.

"ಮಧ್ಯಾಹ್ನ ವ್ಯಾನು ಬರುತ್ತೆ," ಎಂದಳು. "ನಿಮ್ಮಲ್ಲಿ ಯಾರಿಗಾದ್ರೂ ಅವಳ ಹೆಸರು ಗೊತ್ತಿದ್ರೆ ಹೇಳಿ."

ಮಾಡಿನಿಂದ ಹನಿ ಬೀಳುತ್ತಿತ್ತು. ಹೊಸಬಳು ಬಗ್ಗಿ, ನೆಲದ ಮೇಲಿನ ಚಾದರದ ಎರಡು ಮೂಲೆಗಳನ್ನು ಎತ್ತಿ ಹಿಡಿದು, ಎದುರಿಗೆ ಯಾರೂ ಇಲ್ಲದೆ ನಿಂತಿದ್ದಳು.